ಒಬ್ಬನೇ ಆಡುವ ಆಟಕ್ಕೂ ನೆಟ್ ಬೇಕಂತೆ

ತೀರ್ಥಹಳ್ಳಿ ಕಡೆ ಮಳೆ ಹಿಡಿದುಕೊಂಡರೆ ಮೊದಲು ಹೋಗುವುದು ಕರೆಂಟು. ಅದರ ಹಿಂದೆಯೇ ನೆಟ್ಟು. ಊರಲ್ಲಿ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಳೆದ ಮಳೆಗಾಲದಲ್ಲಿ ಬೆಂಗಳೂರಿನಿಂದ ಅಕ್ಕನ ಮನೆಗೆ ಹೋಗಿದ್ದಾಗಲೂ ಹಾಗೇ ಆಯಿತು. ಬೆಳಗ್ಗೆ ಏಳುವಷ್ಟರಲ್ಲಿ ಡಿಸಿ ಶಾಲೆಗಳಿಗೆ ರಜೆ ಕೊಟ್ಟ ಸುದ್ದಿ ವಾಟ್ಸ್ಆ್ಯಪ್‌ಗೆ ಬಂದಿತ್ತು. ತಿಂಡಿ ಮುಗಿಯುವಷ್ಟರಲ್ಲಿ ವಾಟ್ಸ್ಆ್ಯಪ್ಪೇ ನಿಂತಿತ್ತು.

ಎಂಟನೇ ಕ್ಲಾಸಿನ ಅಕ್ಕನ ಮಗನಿಗೆ ಮಾತ್ರ ಖುಷಿಯೋ ಖುಷಿ. ಶಾಲೆ ಇಲ್ಲ, ಮಾವ ಬಂದಿದ್ದಾನೆ, ಮಾವನ ಬ್ಯಾಗಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಇದೆ, ಅದರಲ್ಲಿ ಅವನು ಯೂಟ್ಯೂಬಲ್ಲಿ ಬೇರೆಯವರು ಆಡುವುದನ್ನು ನೋಡಿ ನೋಡಿ ಆಸೆಪಟ್ಟಿದ್ದ ಕಾರ್ ರೇಸ್ ಗೇಮ್ ಇದೆ. ಹೆಸರು ಬೇಡ ಬಿಡಿ. ದೊಡ್ಡ ಕಂಪನಿಯದ್ದು. ಸೇಲ್ ಬರಲಿ ಅಂತ ಕಾದು, ಸೇಲಲ್ಲೂ ಸಾವಿರದ ಮೇಲೆ ಕೊಟ್ಟು ತಗೊಂಡಿದ್ದು. ಡಿಸ್ಕಿನಲ್ಲಿ ನೂರು ಜಿಬಿಗಿಂತ ಜಾಸ್ತಿ ಜಾಗ ತಿಂದು ಕೂತಿದೆ. ಕಾರು, ರಸ್ತೆ, ಬೆಟ್ಟ, ಸಮುದ್ರ, ಗಾಜಿನ ಮೇಲೆ ಇಳಿಯುವ ಮಳೆಹನಿ, ಎಲ್ಲ ಆ ಡಿಸ್ಕಿನೊಳಗೇ ಇದೆ.

"ಅದನ್ನ ಇನ್ವರ್ಟರ್‌ಗೆ ಹಾಕಿದ್ರೆ ರಾತ್ರಿ ಲೈಟಿಗೆ ಉಳಿಯಲ್ಲ ನೋಡು" ಅಂದಳು ಅಕ್ಕ. ಸರಿ, ಬ್ಯಾಟರಿ ಇರುವಷ್ಟು ಹೊತ್ತು ಆಡೋಣ ಅಂತ ಜಗಲಿಯಲ್ಲಿ ಕೂತೆವು. ಗೇಮ್ ತೆರೆಯಿತು. ಕಂಪನಿಯ ಲೋಗೋ ಬಂತು, ಎದೆ ನಡುಗಿಸುವ ಮ್ಯೂಸಿಕ್ ಬಂತು, ಒದ್ದೆ ರಸ್ತೆಯಲ್ಲಿ ಹೊಳೆಯುವ ಕೆಂಪು ಕಾರು ಬಂತು. ಯಾವುದಾದರೂ ಕೀ ಒತ್ತಿ ಎಂದಿತು. ಹುಡುಗ ಒತ್ತಿದ. ಮೂಲೆಯಲ್ಲಿ ಸಣ್ಣ ಚಕ್ರವೊಂದು ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಆಮೇಲೆ ಪರದೆಯ ನಡುವೆ ಒಂದು ಬಾಕ್ಸು. ಸರ್ವರ್ ಸಿಗುತ್ತಿಲ್ಲ, ನಿಮ್ಮ ಇಂಟರ್ನೆಟ್ ಸರಿಯಿದೆಯಾ ನೋಡಿಕೊಳ್ಳಿ ಅಂತ. ಕೆಳಗೆ ಎರಡೇ ಬಟನ್. ಇನ್ನೊಮ್ಮೆ ಪ್ರಯತ್ನಿಸಿ, ಇಲ್ಲಾ ಹೊರಗೆ ಹೋಗಿ.

"ಮಾವ, ನಾವು ಯಾರ ಜೊತೆನೂ ಆಡ್ತಿಲ್ವಲ್ಲ. ಒಬ್ಬನೇ ಆಡೋದಕ್ಕೆ ನೆಟ್ ಎಂತಕ್ಕೆ?"

ಹುಡುಗ ಕೇಳಿದ್ದು ಸರಿಯಾಗೇ ಇದೆ. ಬಿಜಿಎಂಐ ಅನ್ನುವ ಆನ್‌ಲೈನ್ ಆಟ ಆಡುವಾಗ ನೂರು ಜನ ಒಂದೇ ಮ್ಯಾಪಿಗೆ ಹಾರುತ್ತಾರೆ, ನೆಟ್ ಇಲ್ಲದಿದ್ದರೆ ಆಡಲಾಗುವುದಿಲ್ಲ ಅಂತ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ನಾವು ಆಡಲು ಹೊರಟಿದ್ದು ಅದಲ್ಲ. ಎದುರಾಳಿ ಕಾರುಗಳನ್ನು ಓಡಿಸುವುದು ಕಂಪ್ಯೂಟರೇ. ಗೇಮ್ ತಗೊಂಡ ಆನ್‌ಲೈನ್ ಅಂಗಡಿಯ ಆ್ಯಪ್‌ನಲ್ಲಿ ಆಫ್‌ಲೈನ್ ಮೋಡ್ ಇದೆ, ಅದನ್ನೂ ಹಾಕಿ ನೋಡಿದೆ. ಆ್ಯಪ್ ಸುಮ್ಮನಾಯಿತು, ಆದರೆ ಗೇಮ್ ಸುಮ್ಮನಾಗಲಿಲ್ಲ. ಅದು ತನ್ನದೇ ಕಂಪನಿಯ ಸರ್ವರನ್ನು ಬೇರೆಯಾಗಿ ಕರೆಯುತ್ತದೆ. ನಾನು ಯಾರು, ದುಡ್ಡು ಕೊಟ್ಟಿದ್ದೇನಾ, ನನ್ನ ಗ್ಯಾರೇಜಲ್ಲಿ ಯಾವ ಕಾರಿದೆ, ಇದೆಲ್ಲ ಬರೆದಿಟ್ಟಿರುವುದು ಅಲ್ಲಿ, ಯಾವುದೋ ದೇಶದ ಡೇಟಾ ಸೆಂಟರಿನಲ್ಲಿ. ನನ್ನ ಹತ್ತಿರ ಇರುವುದು ನೂರು ಜಿಬಿ ಚಿತ್ರ ಮತ್ತು ಸದ್ದು.

ರೂಟರ್ ಹತ್ತಿರ ಹೋಗಿ ನೋಡಿದರೆ ಎಲ್‌ಒಎಸ್ ಅಂತ ಬರೆದ ದೀಪ ಕೆಂಪಗೆ ಮಿಣುಕುತ್ತಿತ್ತು. ಫೈಬರ್ ಇಟ್ಟುಕೊಂಡವರಿಗೆ ಇದು ಗೊತ್ತಿರುತ್ತದೆ. ವೈರಿನೊಳಗೆ ಬೆಳಕೇ ಬರುತ್ತಿಲ್ಲ, ಎಲ್ಲೋ ತುಂಡಾಗಿದೆ ಅಂತ ಅರ್ಥ. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗುವುದಿಲ್ಲ. ಆದರೂ ಎಲ್ಲರೂ ಮಾಡುತ್ತಾರೆ. ನಾನೂ ಮಾಡಿದೆ. ತೋಟದ ಕಡೆ ಹೋಗಿದ್ದ ಭಾವ ಕಂಬಳಿಕೊಪ್ಪೆ ಕಳಚುತ್ತಾ ಬಂದು, ತಿರುವಿನ ಹತ್ತಿರ ಹಲಸಿನ ಕೊಂಬೆ ಬಿದ್ದಿದೆ, ಕರೆಂಟ್ ಕಂಬವೂ ವಾಲಿದೆ, ನಿಮ್ಮ ಕೇಬಲ್ ನೆಲದ ಮೇಲಿದೆ ಅಂದರು. ಅವರಿಗೆ ಅದಕ್ಕಿಂತ ದೊಡ್ಡ ಚಿಂತೆ ಇತ್ತು. ಸ್ವಲ್ಪ ಹೊಳವಾದರೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಬೇಕು, ಆಳು ಸಿಕ್ಕಿದ್ದಾರೆ, ಮಳೆ ಬಿಡುತ್ತಿಲ್ಲ.

ಆದರೂ ನಾವಿಬ್ಬರು ಪೆಚ್ಚಾಗಿ ಕೂತಿದ್ದನ್ನು ನೋಡಿ ವಿಷಯ ಏನು ಅಂತ ಕೇಳಿದರು. ಹೇಳಿದೆ. ಒಂದು ನಿಮಿಷ ಯೋಚಿಸಿ, "ನಾನು ಅಡಿಕೆ ಸುಲಿಯೋ ಮಷಿನ್ ತಗೊಂಡಿದೀನಿ. ಕಂಪನಿಯವನು ಫೋನ್ ಎತ್ತಿಲ್ಲ ಅಂದ್ರೆ ಮಷಿನ್ ಸುಲಿಯಲ್ಲ ಅನ್ನೋ ಹಂಗಾಯ್ತಲ್ಲ ಮಾರಾಯ" ಅಂದರು. ಗೇಮಿಂಗ್ ಬಗ್ಗೆ ವರ್ಷಗಟ್ಟಲೆ ಓದಿದ ನನಗೆ ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ.

ಹುಡುಗ ಬಿಡಲಿಲ್ಲ. ಮೇಲಿನ ರಸ್ತೆಯ ಬಸ್ ಸ್ಟಾಪಿನಲ್ಲಿ ಫೋನಿಗೆ ಸಿಗ್ನಲ್ ಬರುತ್ತದೆ, ಹಾಟ್‌ಸ್ಪಾಟ್ ಹಾಕೋಣ ಅಂದ. ಲ್ಯಾಪ್‌ಟಾಪಿಗೆ ಎರಡು ಪ್ಲಾಸ್ಟಿಕ್ ಕವರ್ ಸುತ್ತಿ, ಒಂದೇ ಛತ್ರಿಯಲ್ಲಿ ಏರು ಹತ್ತಿ ಹೋದೆವು. ಬಸ್ ಸ್ಟಾಪಿನ ಕಟ್ಟೆಯ ಮೇಲೆ ಒಂದು ನಾಯಿ ಮಲಗಿತ್ತು, ಅದು ಸ್ವಲ್ಪ ಜಾಗ ಕೊಟ್ಟಿತು. ಫೋನಿಗೆ ಎರಡು ಕಡ್ಡಿ ಸಿಗ್ನಲ್. ಲ್ಯಾಪ್‌ಟಾಪ್‌ಗೆ ನೆಟ್ ಸಿಕ್ಕಿದ್ದೇ ತಡ, ಆ್ಯಪ್‌ಗೆ ಜೀವ ಬಂತು. ಬಂದಿದ್ದೇ ಹೇಳಿತು, ಈ ಗೇಮಿಗೆ ಅಪ್‌ಡೇಟ್ ಇದೆ, 14 ಜಿಬಿ. ಅದು ಮುಗಿಯದೆ ಆಟ ಶುರುವಾಗುವುದಿಲ್ಲ. ನನ್ನ ಪ್ಲ್ಯಾನಿನಲ್ಲಿ ದಿನಕ್ಕೆ ಸಿಗುವುದು ಒಂದೂವರೆ ಜಿಬಿ. ಅದನ್ನು ನಿಲ್ಲಿಸಿ, ಬೇರೆ ದಾರಿ ಇದೆಯಾ ಅಂತ ಹುಡುಕುವಷ್ಟರಲ್ಲಿ ಅರ್ಧ ಡೇಟಾ ಹೋಯಿತು. ಸುಮ್ನೆ ಲೆಕ್ಕ ಹಾಕಿ, ದಿನದ ಡೇಟಾ ಪೂರ್ತಿ ಇದಕ್ಕೇ ಸುರಿದರೂ ಒಂದು ವಾರ ದಾಟುತ್ತದೆ. ಅಷ್ಟರಲ್ಲಿ ಇನ್ನೊಂದು ಅಪ್‌ಡೇಟ್ ಬಂದಿರುತ್ತದೆ!

ವಾಪಸ್ ಬರುವಾಗ ಅವನಿಗೆ ಸಿಮ್‌ಸಿಟಿ ಕಥೆ ಹೇಳಿದೆ. ಊರು ಕಟ್ಟುವ ಆಟ, ಒಬ್ಬರೇ ಕೂತು ಆಡುವಂಥದ್ದು. 2013ರ ಮಾರ್ಚ್‌ನಲ್ಲಿ ಅದರ ಹೊಸ ಆವೃತ್ತಿ ಬಂದಾಗ ಇಎ ಕಂಪನಿ ಸದಾ ನೆಟ್ ಇರಲೇಬೇಕು ಅಂದಿತು. ಬಿಡುಗಡೆಯ ದಿನವೇ ಸರ್ವರ್‌ಗಳು ಮಕಾಡೆ ಮಲಗಿದವು. ದುಡ್ಡು ಕೊಟ್ಟವರು ಕ್ಯೂ ನಿಂತರು, ನಿಜವಾಗಿಯೂ, ಪರದೆಯ ಮೇಲೆ ಇಷ್ಟು ನಿಮಿಷ ಕಾಯಿರಿ ಅಂತ ಬರುತ್ತಿತ್ತು. ಯಾಕೆ ಹೀಗೆ ಅಂತ ಕೇಳಿದರೆ, ನಗರದ ಲೆಕ್ಕಾಚಾರದ ಒಂದು ಪಾಲು ನಮ್ಮ ಸರ್ವರಿನಲ್ಲೇ ನಡೆಯುತ್ತದೆ, ಅದಿಲ್ಲದೆ ಆಟ ನಡೆಯುವುದಿಲ್ಲ ಎಂಬಂಥ ಉತ್ತರ. ಕೆಲವೇ ದಿನಗಳಲ್ಲಿ ಯಾರೋ ಒಬ್ಬ ಕೋಡ್ ಬದಲಿಸಿ ನೆಟ್ ಇಲ್ಲದೆ ಆಡಿ ತೋರಿಸಿಬಿಟ್ಟ. ಒಂದು ವರ್ಷದ ಮೇಲೆ, 2014ರ ಮಾರ್ಚ್‌ನಲ್ಲಿ, ಕಂಪನಿಯೇ ಆಫ್‌ಲೈನ್ ಮೋಡ್ ಕೊಟ್ಟಿತು. ಆಗುವುದಿಲ್ಲ ಅಂದಿದ್ದು ಆಯಿತು.

"ಹಂಗಾರೆ ಸುಳ್ಳು ಹೇಳಿದ್ರಾ?" ಅಂದ. ಹೌದು ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ಡಯಾಬ್ಲೊ 3 ಅನ್ನುವ ಆಟ ನೋಡಿ. 2012ರ ಮೇ 15ಕ್ಕೆ ಪಿಸಿಗೆ ಬಂತು, ಒಬ್ಬರೇ ಆಡಿದರೂ ನೆಟ್ ಬೇಕೇ ಬೇಕು, ಮೊದಲ ದಿನ ಜನ ನೋಡಿದ್ದು ಬರೀ ಎರರ್ 37, ಅಂದರೆ ಸರ್ವರ್ ಬಿಜಿ. ಮರುವರ್ಷ ಅದೇ ಆಟ ಟಿವಿಗೆ ಸಿಕ್ಕಿಸಿ ಆಡುವ ಪ್ಲೇಸ್ಟೇಷನ್ 3ಕ್ಕೂ ಎಕ್ಸ್‌ಬಾಕ್ಸ್ 360ಕ್ಕೂ ಬಂದಾಗ ನೆಟ್ ಇಲ್ಲದೆ ಆರಾಮಾಗಿ ನಡೆಯಿತು. ಅಂದರೆ ಬೇಕಾಗಿದ್ದು ಆಟಕ್ಕಲ್ಲ.

ಕಂಪನಿಗಳಿಗೂ ಅವರದ್ದೇ ಕಾರಣಗಳಿವೆ, ಇಲ್ಲ ಅನ್ನಲಾರೆ. ಒಂದು, ಕದ್ದ ಕಾಪಿ ಆಡಬಾರದು. ಇನ್ನೊಂದು, ಈಗಿನ ಆಟಗಳಲ್ಲಿ ಆಟದೊಳಗೇ ಒಂದು ಅಂಗಡಿ ಇರುತ್ತದೆ, ನಿಜವಾದ ದುಡ್ಡು ಕೊಟ್ಟರೆ ಆಟದ ದುಡ್ಡು ಸಿಗುತ್ತದೆ. ಸೇವ್ ಫೈಲ್ ನನ್ನ ಡಿಸ್ಕಿನಲ್ಲಿದ್ದರೆ ನಾನೇ ಅದನ್ನು ತಿದ್ದಿ ಕೋಟಿ ಮಾಡಿಕೊಳ್ಳಬಹುದು, ಅವರ ಹತ್ತಿರವೇ ಇದ್ದರೆ ಆಗುವುದಿಲ್ಲ. ಗ್ರಾನ್ ಟುರಿಸ್ಮೊ 7 ಅನ್ನುವ ಕಾರ್ ರೇಸ್ ಗೇಮ್ ಕೂಡ ಇದೇ ದಾರಿಯದ್ದು. 2022ರ ಮಾರ್ಚ್‌ನಲ್ಲಿ ಅದರ ಒಂದು ಅಪ್‌ಡೇಟ್ ಎಡವಟ್ಟಾಗಿ 30 ಗಂಟೆಗೂ ಹೆಚ್ಚು ಹೊತ್ತು ಸರ್ವರ್ ನಿಂತಿತ್ತು. ಒಬ್ಬರೇ ಆಡುವವರಿಗೂ ಆಟದ ಬಹುಪಾಲು ಬಂದ್. ಕಳ್ಳತನ ತಡೆಯಬೇಕು, ಒಪ್ಪಿದೆ. ಆದರೆ ಕದ್ದವನು ಬೀಗ ಮುರಿದ ಕಾಪಿ ಹಾಕಿಕೊಂಡು ಮಳೆಯಲ್ಲಿ ಆಡುತ್ತಿರುತ್ತಾನೆ, ಬಿಲ್ ಇರುವವನು ಬಸ್ ಸ್ಟಾಪಿನಲ್ಲಿ ನಾಯಿ ಪಕ್ಕ ಕೂತಿರುತ್ತಾನೆ, ಇದ್ಯಾವ ಲೆಕ್ಕ ಅಲ್ವಾ?

ಸಂಜೆ ಕರೆಂಟ್ ಬಂತು. ನೆಟ್ ಬರಲಿಲ್ಲ. ಅಡಿಕೆ ಲೆಕ್ಕ ಬರೆಯಲು ಭಾವ ಇಟ್ಟುಕೊಂಡಿರುವ ಒಂದು ಹಳೇ ಕಂಪ್ಯೂಟರ್ ಒಳಗಿನ ಕೋಣೆಯಲ್ಲಿದೆ, ಮೇಲೆ ಟವೆಲ್ ಹೊದಿಸಿರುತ್ತಾರೆ. ನಾನು ಕಾಲೇಜಿನಲ್ಲಿದ್ದಾಗ ನನ್ನದಾಗಿತ್ತು ಅದು. ಅದರಲ್ಲಿ ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್ ಇನ್ನೂ ಇತ್ತು. 2005ರ ಗೇಮು. ಎರಡು ಸಲ ಕ್ಲಿಕ್ ಮಾಡಿದೆ, ತೆರೆಯಿತು. ಅಷ್ಟೇ. ಯಾರನ್ನೂ ಕೇಳಲಿಲ್ಲ, ಲಾಗಿನ್ ಇಲ್ಲ, ಅಪ್‌ಡೇಟ್ ಇಲ್ಲ. ನಾನು ಹಿಂದೆ ಎಲ್ಲಿಗೆ ನಿಲ್ಲಿಸಿದ್ದೆನೋ ಅಲ್ಲಿಗೇ ಸೇವ್ ಕೂತಿತ್ತು, ಅದೇ ಕಾರು, ಅದೇ ಬಣ್ಣ. ಗ್ರಾಫಿಕ್ಸ್ ನೋಡಿ ಹುಡುಗ ಮೊದಲು ಮೂತಿ ತಿರುಗಿಸಿದ. ಪೊಲೀಸರು ಬೆನ್ನು ಹತ್ತಿದ ಮೇಲೆ ಮಾತೇ ಇಲ್ಲ. ಅಕ್ಕ ಕರಿದುಕೊಟ್ಟ ಹಲಸಿನ ಹಪ್ಪಳ ತಟ್ಟೆಯಲ್ಲೇ ಮೆತ್ತಗಾಯಿತು. ಎಣ್ಣೆ ಕೈಯಲ್ಲಿ ಕೀಬೋರ್ಡ್ ಮುಟ್ಟಬೇಡ ಅಂತ ಅವನು ನನಗೇ ಬೈದ.

ಆಮೇಲೆ ಮಲಗುವ ಮುಂಚೆ ಕೇಳಿದ, "ಮಾವ, ನಿನ್ನ ಗೇಮು ಇಪ್ಪತ್ತು ವರ್ಷ ಆದ್ಮೇಲೂ ಹಿಂಗೇ ತೆರೆಯತ್ತಾ?"

ತೆರೆಯುವುದಿಲ್ಲ. ಇದಂತೂ ಊಹೆಯಲ್ಲ, ಆಗಿಹೋಗಿರುವ ವಿಷಯ. ಯೂಬಿಸಾಫ್ಟ್‌ನ ದಿ ಕ್ರ್ಯೂ ಅಂತ ಕಾರ್ ಗೇಮ್ 2014ರ ಡಿಸೆಂಬರ್‌ನಲ್ಲಿ ಬಂದಿತ್ತು, ಇಡೀ ಅಮೆರಿಕವನ್ನು ಸಣ್ಣದು ಮಾಡಿ ಕಾರಲ್ಲಿ ಸುತ್ತಲು ಬಿಟ್ಟಿದ್ದರು. ಒಬ್ಬರೇ ಮುಗಿಸಬಹುದಾದ ಕಥೆಯೂ ಇತ್ತು, ಆದರೆ ನೆಟ್ ಬೇಕಿತ್ತು. 2023ರ ಡಿಸೆಂಬರ್‌ನಲ್ಲಿ ಮಾರಾಟ ನಿಲ್ಲಿಸಿದರು. 2024ರ ಮಾರ್ಚ್ 31ಕ್ಕೆ ಸರ್ವರ್ ಆರಿಸಿದರು. ಡಿಸ್ಕ್ ತಗೊಂಡು ಕಪಾಟಿನಲ್ಲಿ ಇಟ್ಟುಕೊಂಡವರಿಗೂ ಈಗ ಉಳಿದಿರುವುದು ಪ್ಲಾಸ್ಟಿಕ್ ಡಬ್ಬಿ. ಇದರಿಂದ ರೇಗಿದ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅಂತ ಚಳವಳಿ ಶುರು ಮಾಡಿದ. ಅವನು ಕೇಳುತ್ತಿರುವುದು ಸರ್ವರನ್ನು ಸಾಯುವ ತನಕ ನಡೆಸಿ ಅಂತಲ್ಲ. ನಿಲ್ಲಿಸುವಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ, ಅಷ್ಟೇ. ಇದೇ ಬೇಡಿಕೆಯಿಟ್ಟ ಯುರೋಪಿನ ಅರ್ಜಿಗೆ 2025ರ ಜುಲೈನಲ್ಲಿ ಸಹಿ 10 ಲಕ್ಷ ದಾಟಿತು. ಯೂಬಿಸಾಫ್ಟ್ ಕೂಡ ಅದೇ ವರ್ಷ ದಿ ಕ್ರ್ಯೂ 2ಕ್ಕೆ ಆಫ್‌ಲೈನ್ ಆಡುವ ದಾರಿ ಮಾಡಿಕೊಟ್ಟಿತು. ಮೊದಲನೆಯದು ಮಾತ್ರ ಹೋಗಿದ್ದು ಹೋಯಿತು.

ಜನ ಬೈದರೆ ಕೆಲಸ ಆಗುತ್ತದೆ ಅನ್ನುವುದಕ್ಕೆ ಇನ್ನೂ ಹಳೆಯದೊಂದಿದೆ. 2013ರಲ್ಲಿ ಮೈಕ್ರೋಸಾಫ್ಟ್, ತನ್ನ ಹೊಸ ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಒನ್ 24 ಗಂಟೆಗೊಮ್ಮೆಯಾದರೂ ನೆಟ್ ನೋಡಲೇಬೇಕು ಅಂದಿತ್ತು. ಬೈಗುಳದ ಮಳೆಗೆ ಅದೇ ಜೂನ್ ತಿಂಗಳಲ್ಲಿ ಅದನ್ನು ಹಿಂದೆ ತಗೊಂಡಿತು. ಆಗ ಬೈದವರೇ ಈಗ ಸುಮ್ಮನಿದ್ದಾರೆ. ಊರಿಗೆಲ್ಲ ಫೈಬರ್ ಬಂದಿದೆ, ಫೋನಿನಲ್ಲಿ 5ಜಿ ಇದೆ, ಇನ್ನೇನು ತೊಂದರೆ ಅನ್ನುತ್ತಾರೆ. ಅಂಥವರು ಜುಲೈನಲ್ಲಿ ಒಂದು ವಾರ ನಮ್ಮ ಕಡೆ ಬಂದಿರಲಿ.

ಮರುದಿನ ಮಧ್ಯಾಹ್ನ ಕೇಬಲ್ ಹುಡುಗರು ಬಂದರು. ಕೊಂಬೆ ಕಡಿದು, ಜೀಪಿನ ಹಿಂಭಾಗದಲ್ಲಿ ಟಾರ್ಪಾಲಿನ ಕೆಳಗೆ ಕೂತು, ಕೂದಲೆಳೆಯಂಥ ಆ ಗಾಜಿನ ಎಳೆಯನ್ನು ಒರೆಸಿ, ತುದಿ ಕತ್ತರಿಸಿ, ಮಷಿನ್ನಿನಲ್ಲಿಟ್ಟು ಬೆಸೆದರು. ಅದನ್ನು ನೋಡುವುದೇ ಒಂದು ಚೆಂದ. ಮಷಿನ್ನಿನ ಪುಟ್ಟ ಪರದೆಯಲ್ಲಿ ಎರಡು ತುದಿಗಳು ದೊಡ್ಡದಾಗಿ ಕಾಣುತ್ತವೆ, ಹತ್ತಿರ ಬರುತ್ತವೆ, ಒಂದು ಕಿಡಿ, ಅಷ್ಟೇ, ಒಂದಾಗಿಬಿಡುತ್ತವೆ. ಕೆಂಪು ದೀಪ ಆರಿತು. ಲ್ಯಾಪ್‌ಟಾಪ್ ಅಪ್‌ಡೇಟ್ ಎಳೆಯಲು ಶುರು ಮಾಡಿತು.

ರಾತ್ರಿ ಊಟದ ಹೊತ್ತಿಗೆ ಗೇಮ್ ತೆರೆಯಿತು. ಹುಡುಗ ಆಸೆಪಟ್ಟಿದ್ದ ಕಾರು ಒಂದಿತ್ತು, ಆ ವಾರದ ರೇಸ್‌ಗಳನ್ನು ಗೆದ್ದವರಿಗೆ ಮಾತ್ರ ಸಿಗುವಂಥದ್ದು. ನೋಡಿದರೆ ವಾರ ಬದಲಾಗಿ ಪಟ್ಟಿಯಲ್ಲಿ ಬೇರೆ ಕಾರು ಬಂದಿತ್ತು. ಅಳುತ್ತಾನೇನೋ ಅಂದುಕೊಂಡೆ, ಅವನು ಒಂದು ರೇಸ್ ಆಡಿ, ಚೆನ್ನಾಗಿದೆ ಅಂದು, ಒಳಗಿನ ಕೋಣೆಗೆ ಹೋದ. ಅಲ್ಲಿ ಪೊಲೀಸರು ಕಾಯುತ್ತಿದ್ದರು.

ಈಗ ಫೋನ್ ಮಾಡಿದಾಗಲೆಲ್ಲ ದಸರಾ ರಜೆಗೆ ಏನು ತರಬೇಕು ಅಂತ ಪಟ್ಟಿ ಹೇಳುತ್ತಾನೆ. ಜಿಒಜಿ ಅನ್ನುವ ಅಂಗಡಿಯಲ್ಲಿ ತಗೊಂಡ ಗೇಮ್‌ಗಳ ಇನ್‌ಸ್ಟಾಲರನ್ನು ಇಳಿಸಿಟ್ಟುಕೊಳ್ಳಬಹುದು, ಒಬ್ಬನೇ ಆಡಲು ಆಮೇಲೆ ನೆಟ್ ಬೇಡ ಅಂತ ನಾನೇ ಹೇಳಿದ್ದೆ. ಅದನ್ನು ಹಿಡಿದುಕೊಂಡಿದ್ದಾನೆ. ಅವನ ಪಟ್ಟಿ 16 ಜಿಬಿ ಪೆನ್‌ಡ್ರೈವಿಗೆ ಹಿಡಿಯುವುದಿಲ್ಲ. ಹಾರ್ಡ್ ಡಿಸ್ಕೇ ತಗೋ ಮಾವ, ಭಾವನ ಹತ್ತಿರ ಅರ್ಧ ದುಡ್ಡು ಕೊಡಿಸ್ತೀನಿ ಅನ್ನುತ್ತಾನೆ, ಅಪ್ಪನನ್ನು ನನ್ನ ಲೆಕ್ಕದಲ್ಲಿ ಭಾವ ಅಂತ ಕರೆದು ನಗುತ್ತಾ. ಭಾವನಿಗೆ ಇದು ಇನ್ನೂ ಗೊತ್ತಿಲ್ಲ.