ಬರೀ ಗೆರೆಯಲ್ಲಿ ಎಂಥ ಇದೆ ಮೇಡಂ?

ಸಾಗರದಲ್ಲಿ ಮಕ್ಕಳಿಗೆ ಮರದಚ್ಚಿನ ಚಿತ್ರ ಕಲಿಸುತ್ತೇನೆ, ಅಂದರೆ ಮರದ ಹಲಗೆ ಕೆತ್ತಿ, ಮಸಿ ಹಚ್ಚಿ, ಕಾಗದಕ್ಕೆ ಒತ್ತುವ ಚಿತ್ರ. ಗೋಡೆಗೆ ಅಚ್ಚುಚಿತ್ರಗಳ ಕಲಾವಿದೆ ಜರೀನಾ ಹಾಶ್ಮಿ ಅವರ ಒಂದು ಚಿತ್ರದ ಪ್ರತಿ ಅಂಟಿಸಿದ್ದೇನೆ. ಮಕ್ಕಳನ್ನು ಕರ್ಕೊಂಡು ಹೋಗಲು ಬರುವವರೆಲ್ಲ ಅದನ್ನು ನೋಡಿ ಕೇಳುವುದು ಒಂದೇ: "ಬಣ್ಣ ಇಲ್ಲ, ಜನ ಇಲ್ಲ. ಬರೀ ಗೆರೆಯಲ್ಲಿ ಎಂಥ ಇದೆ ಮೇಡಂ?"

ಅಂಕುಡೊಂಕಾಗಿ ಇಳಿದಿರುವ ಆ ಕಪ್ಪು ಗೆರೆ ಭಾರತ–ಪಾಕಿಸ್ತಾನದ ಗಡಿ. 2001ರ ಕೆಲಸ, ಹೆಸರು 'ಡಿವೈಡಿಂಗ್ ಲೈನ್'. ಉಳಿಯಿಂದ ಒಮ್ಮೆ ಗೀರಿದರೆ ಇಂಥ ಗೆರೆ ಬಂದೀತು ಅಂದುಕೊಳ್ಳುತ್ತಾರೆ. ಆದರೆ ಮರದಚ್ಚಿನಲ್ಲಿ ಮಸಿ ಹತ್ತುವುದು ಹಲಗೆಯಲ್ಲಿ ಉಬ್ಬಿ ನಿಂತ ಭಾಗಕ್ಕೆ. ಗೆರೆ ಕಪ್ಪಾಗಿ ಮೂಡಬೇಕಾದರೆ ಅದರ ಎರಡೂ ಬದಿಯ ಮರವನ್ನು ಕೆತ್ತಿ ತೆಗೆಯಬೇಕು. ಆಚೆಯ ಊರೂ ಹೋಗಬೇಕು, ಈಚೆಯದೂ ಹೋಗಬೇಕು. ಉಳಿಗೆ ಸಿಗದೆ ಉಳಿದ ಚೂರುಗಳು ಗೆರೆಯ ಅಕ್ಕಪಕ್ಕ ಗೀರುಗಳಾಗಿ ಬಿದ್ದಿವೆ. ನನ್ನ ಕಣ್ಣು ಜಾಸ್ತಿ ಹೋಗುವುದು ಅವುಗಳ ಕಡೆಗೇ.

ಜರೀನಾ ಹುಟ್ಟಿದ್ದು 1937ರಲ್ಲಿ, ಅಲಿಗಢದಲ್ಲಿ. ಓದಿದ್ದು ಗಣಿತ. ಗಂಡ ವಿದೇಶಾಂಗ ಸೇವೆಯವರು, ಹಾಗಾಗಿ ಊರೂರು ತಿರುಗಾಟ. ಬ್ಯಾಂಕಾಕ್‌ನಲ್ಲಿ ಅಚ್ಚಿನ ರುಚಿ ಹತ್ತಿತು. ಪ್ಯಾರಿಸ್‌ನಲ್ಲಿ ಕಲಾವಿದ ಹೇಟರ್ ಅವರ ಅಚ್ಚುಚಿತ್ರ ಕಾರ್ಯಾಗಾರ 'ಅಟೆಲಿಯೆ 17'ರಲ್ಲಿ ಕೈ ಪಳಗಿತು. ಟೋಕಿಯೊದಲ್ಲೂ ಮರದಚ್ಚು ಕಲಿತರು. ಎಪ್ಪತ್ತರ ದಶಕದಲ್ಲಿ ನ್ಯೂಯಾರ್ಕ್ ಸೇರಿದರು. ಅವರನ್ನು ಸುಮ್ನೆ 'ವಿಭಜನೆಯ ನಿರಾಶ್ರಿತೆ' ಅಂದುಬಿಡುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಮನೆಯವರು ಕರಾಚಿಗೆ ಹೋಗಿ ನೆಲೆಸಿದ್ದು ವಿಭಜನೆಯಾಗಿ ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಇವರಿಗೆ ಮದುವೆಯಾಗಿತ್ತು. ಮಗಳು ಗಂಡನ ಜೊತೆ ಊರು ಬಿಡುವುದು ಹೊಸದಲ್ಲ. ಇಲ್ಲಿ ತವರೂ ಊರು ಬಿಟ್ಟಿತು.

ಇಟಲಿಯ ದೊಡ್ಡ ಅಂತರರಾಷ್ಟ್ರೀಯ ಕಲಾ ಮೇಳ ವೆನಿಸ್ ಬಿಯೆನಾಲೆಗೆ ಭಾರತದ ಪರವಾಗಿ ಅವರ ಕೆಲಸ ಹೋದದ್ದು 2011ರಲ್ಲಿ, ಎಪ್ಪತ್ತು ದಾಟಿದ ಮೇಲೆ. 2013ರಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್ ಕಲಾ ಸಂಗ್ರಹಾಲಯದಲ್ಲಿ ದೊಡ್ಡ ಪ್ರದರ್ಶನವಾಯಿತು. 2020ರಲ್ಲಿ ಲಂಡನ್‌ನಲ್ಲಿ ತೀರಿಕೊಂಡರು.

ಅವರ ಕೆಲಸಗಳಲ್ಲಿ ನನಗೆ ಹೆಚ್ಚು ಇಷ್ಟ 1999ರ 'ಹೋಮ್ ಈಸ್ ಎ ಫಾರಿನ್ ಪ್ಲೇಸ್'. 36 ಮರದಚ್ಚುಗಳು. ಒಂದೊಂದಕ್ಕೂ ಒಂದು ಉರ್ದು ಪದ: ಮನೆ, ಹೊಸ್ತಿಲು, ಬಾಗಿಲು, ಹೀಗೆ. 'ಮನೆ' ಎಂಬುದರಲ್ಲಿ ಇರುವುದು ಅಲಿಗಢದ ಮನೆಯ ನಕ್ಷೆ, ಅಷ್ಟೇ.

ಇಷ್ಟೆಲ್ಲ ಹೇಳಿದರೂ ಕೆಲವರ ಮುಖದಲ್ಲಿ ಪ್ರಶ್ನೆ ಹಾಗೇ ಇರುತ್ತದೆ. ಆಗ ಅಜ್ಜಿಯ ಸುದ್ದಿ ತೆಗೆಯುತ್ತೇನೆ. ನಾವು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ಏರಿತಲ್ವಾ, ನಮ್ಮ ಹಳೇ ಮನೆ ಅದರಡಿಗೆ ಹೋಯಿತು. ಆ ಮನೆ ಹೇಗಿತ್ತು ಅಂತ ಕೇಳಿದರೆ ಅಜ್ಜಿ ಮಾತಿನಲ್ಲಿ ಹೇಳುತ್ತಿರಲಿಲ್ಲ. ಹಿಡಿಕಡ್ಡಿ ತಗೊಂಡು ಅಂಗಳದ ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದಳು. ಇದು ಜಗಲಿ, ಇದು ನಡುಮನೆ, ಇಲ್ಲಿ ಬಚ್ಚಲು, ಆಚೆ ಕೊಟ್ಟಿಗೆ. ನಾನು ಗೆರೆ ತುಳಿದು ಒಳಗೆ ಹೋದರೆ ಕಡ್ಡಿಯಿಂದಲೇ ತಡೆಯುತ್ತಿದ್ದಳು.

"ಅಲ್ಲಿ ಗೋಡೆ ಇದೆ ಕೂಸೇ, ಬಾಗಿಲಿಂದ ಬಾ."