ಸೆವರಲಿ ಅನ್ನೋ ಪದ, ಭಾವನ ಸಾಲ, ಮೂರು ಜನ ಜಾಮೀನುದಾರರು

ನಮ್ಮ ಭಾವ ಹಿಟ್ಟಿನ ಗಿರಣಿ ಹಾಕೋಕೆ ಅಂತ 9 ಲಕ್ಷ ಸಾಲಕ್ಕೆ ಅರ್ಜಿ ಹಾಕಿದ್ರು, ಮೂರು ಜನ ಜಾಮೀನು ಬೇಕು ಅಂದಿದ್ರಂತೆ, ಸರಿ ನಾನು, ನಮ್ಮ ಸೋದರಮಾವ, ಭಾವನ ಫ್ರೆಂಡ್ ಒಬ್ರು ಹೊರಟ್ವಿ. ಮಾವ ರಿಟೈರ್ಡ್ ಮೇಷ್ಟ್ರು, ಆಟೋದಲ್ಲೇ ಲೆಕ್ಕ ಹಾಕಿ ಮುಗಿಸಿದ್ರು, "ಹೆಚ್ಚುಕಮ್ಮಿ ಆದ್ರೂ ತಲೆಗೆ 3 ಲಕ್ಷ ತಾನೇ, ತಡ್ಕೋಬೋದು ಬಿಡಮ್ಮ."

ಬ್ಯಾಂಕಲ್ಲಿ ಜಾಮೀನು ಪತ್ರದ ಪ್ರತಿ ಪೇಜಲ್ಲೂ ಪೆನ್ಸಿಲಲ್ಲಿ ಇಂಟು ಮಾರ್ಕ್ ಹಾಕಿಟ್ಟಿದ್ರು, ಅಲ್ಲಲ್ಲಿ ಸೈನ್ ಹಾಕ್ತಾ ಹೋಗಿ ಅಂತ. ನಾನು ಮುಂಚೆ ವಕೀಲರ ಆಫೀಸಲ್ಲಿ ಟೈಪಿಂಗ್ ಮಾಡ್ತಿದ್ದೆ, ಹಾಗಾಗಿ ಕಣ್ಣು ಸೀದಾ ಆ ಸಾಲಿಗೇ ಹೋಯ್ತು: ಜಾಯಿಂಟ್ಲಿ ಅಂಡ್ ಸೆವರಲಿ. ಭಾವನ ಫ್ರೆಂಡ್ "ಸೆವರಲ್ ಅಂದ್ರೆ ಹಲವಾರು ಅಲ್ವಾ, ಹಲವು ಜನ ಸೇರಿ ಕಟ್ತೀವಿ ಅಂತ" ಅಂದ್ರು. ಬಹಳ ಜನ ಹಾಗೇ ಅಂದ್ಕೊಂಡಿರ್ತಾರೆ, ಆದ್ರೆ ಸೆವರಲ್‌ಗೆ ಮೂಲ ಅರ್ಥ ಬೇರೆಬೇರೆ ಅಂತ, ಲ್ಯಾಟಿನ್ನಿನ ಬೇರ್ಪಡಿಸು ಅನ್ನೋ ಪದದಿಂದ ಬಂದಿದ್ದು. ಹಳೇ ಇಂಗ್ಲಿಷ್ ನಾಟಕಗಳಲ್ಲಿ ಪಾತ್ರಗಳು ಸೆವರಲಿ ಹೋಗ್ತಾರೆ ಅಂತಿದ್ರೆ ಒಬ್ಬೊಬ್ರು ಒಂದೊಂದು ದಿಕ್ಕಿಗೆ ಹೋಗೋದು.

ಬರೀ ಸೆವರಲಿ ಅಂತಿದ್ರೆ ಮಾವನ ಲೆಕ್ಕ ಸರಿನೇ ಆಗ್ತಿತ್ತು, ಅವರವರ ಪಾಲಿಗೆ ಅವರವರು ಹೊಣೆ. ಜಾಯಿಂಟ್ಲಿ ಜೊತೆ ಸೇರಿದ ತಕ್ಷಣ ಪೂರ್ತಿ ಉಲ್ಟಾ, ಎಲ್ಲರೂ ಸೇರಿನೂ ಹೊಣೆ, ಒಬ್ಬೊಬ್ರೂ ಇಡೀ ಸಾಲಕ್ಕೆ ಹೊಣೆ. ಕನ್ನಡದ ಪತ್ರಗಳಲ್ಲಿ ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಅಂತ ಬರೀತಾರೆ, ಅದನ್ನ ಓದಿದ್ರೂ ಈ ಅರ್ಥ ಹೊಳೆಯಲ್ಲ, ಯಾರಾದ್ರೂ ಬಿಡಿಸಿ ಹೇಳ್ಲೇಬೇಕು.

ಮಾವ ಕನ್ನಡಕ ತೆಗೆದು ಆಫೀಸರ್‌ನ ಕೇಳಿದ್ರು, "ಹಾಗಾದ್ರೆ 9 ಲಕ್ಷಕ್ಕೂ ನನ್ನೊಬ್ಬನನ್ನೇ ಹಿಡೀಬೋದಾ?" ಅವ್ರು "ಹೌದು ಸರ್, ಬಡ್ಡಿನೂ ಸೇರುತ್ತೆ" ಅಂದ್ರು. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಪತ್ರದಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ, ಸಾಲಗಾರನಿಗೆ ಎಷ್ಟು ಹೊಣೆನೋ ಜಾಮೀನುದಾರನಿಗೂ ಅಷ್ಟೇ, ಮೊದ್ಲು ಸಾಲಗಾರನ ಹತ್ರ ವಸೂಲಿ ಮಾಡ್ಕೊಂಡು ಆಮೇಲೆ ಬನ್ನಿ ಅಂತ ಸಾಮಾನ್ಯವಾಗಿ ಹೇಳೋಕೂ ಆಗಲ್ಲ. ಮಾವ ಹೇಳಿದ ಸಮಪಾಲಿನ ಲೆಕ್ಕನೂ ಕಾಯ್ದೆಯಲ್ಲಿದೆ, 146ನೇ ಕಲಂ, ಆದ್ರೆ ಅದು ಜಾಮೀನುದಾರರ ನಡುವಿನ ಮಾತು. ಅಂದ್ರೆ ಒಬ್ರು ಪೂರ್ತಿ ಕಟ್ಟಿ ಆಮೇಲೆ ಉಳಿದಿಬ್ಬರ ಹತ್ರ ಅವರ ಪಾಲು ಕೇಳ್ಬೋದು, ಕೊಡ್ಲಿಲ್ಲ ಅಂದ್ರೆ ಕೋರ್ಟಿಗೆ ಅಲೀಬೇಕು, ಎಪ್ಪತ್ತರ ಹತ್ರ ಬಂದ ಮನುಷ್ಯ ಅದನ್ನೆಲ್ಲ ಯಾವ ಕಾಲಕ್ಕೆ ಮಾಡ್ತಾರೆ ಹೇಳಿ.

ಭಾವಂಗೆ ಮುಖ ಸಪ್ಪಗಾಯ್ತು, ಆದ್ರೆ ಬೇಜಾರು ಮಾಡ್ಕೊಳ್ಲಿಲ್ಲ, ಅವರೇ ಪೆನ್ ವಾಪಸ್ ತಗೊಂಡು "ಮಾವ, ನೀವು ಸೈನ್ ಹಾಕ್ಬೇಡಿ, ನಿಮ್ಗಿರೋದು ಒಂದೇ ಮನೆ" ಅಂದ್ರು. ಸೆಕೆಂಡ್ ಹ್ಯಾಂಡ್ ಮೆಷಿನ್ ನೋಡ್ಕೊಂಡು ಸಾಲನ 5 ಲಕ್ಷಕ್ಕೆ ಇಳಿಸಿದ್ರು, ಅಷ್ಟಕ್ಕೆ ಇಬ್ರು ಸಾಕು ಅಂದ್ರು ಬ್ಯಾಂಕಿನವ್ರು. ನಾನೂ ಭಾವನ ಫ್ರೆಂಡೂ ಪತ್ರದ ಆ ಜಾಯಿಂಟ್ಲಿ ಅಂಡ್ ಸೆವರಲಿ ಸಾಲನ್ನ ಇನ್ನೊಂದ್ಸಲ ಜೋರಾಗಿ ಓದಿ, 5 ಲಕ್ಷಕ್ಕೂ ನಾನೊಬ್ಳೇ ಕಟ್ಟೋ ಹಾಗಾದ್ರೆ ಆಗುತ್ತಾ ಅಂತ ಮನಸ್ಸಲ್ಲೇ ಕೂಡಿ ಕಳೆದು, ಆಗುತ್ತೆ ಅನ್ನಿಸಿದ್ಮೇಲೇ ಸೈನ್ ಹಾಕಿದ್ದು.