ಮುಚ್ಚಳ ತೆಗೆದು ಮುಚ್ಚೋಷ್ಟರಲ್ಲಿ ಕಂಡ ಕೆಂಪು

ಶನಿವಾರ ಮ್ಯೂನಿಕ್ ಮಿನರಲ್ ಶೋಗೆ, ಅಂದ್ರೆ ಕಲ್ಲು-ಹರಳುಗಳ ಮೇಳಕ್ಕೆ, ಹೋಗಿ ಬಂದಾಗ್ನಿಂದ ತಲೇಲಿ ಅದೊಂದೇ ಓಡ್ತಿದೆ. ಸ್ಟಾಲಲ್ಲಿದ್ದ ಅಜ್ಜ ಮೇಜಿನ ಕೆಳಗಿಂದ ಕಪ್ಪು ಡಬ್ಬಿ ತೆಗೆದ್ರು, ಮುಚ್ಚಳ ಎತ್ತಿದ್ರು, ನಾನು ಸರಿಯಾಗಿ ಬಗ್ಗೋಷ್ಟರಲ್ಲಿ ಮುಚ್ಚೇಬಿಟ್ರು. ಒಳಗಿದ್ದಿದ್ದು ಪ್ರೌಸ್ಟೈಟ್, ಚಿಲಿಯ ಚಾನ್ಯಾರ್ಸಿಯೊ ಗಣೀದು, ಹಳೇ ಕೈಬರಹದ ಲೇಬಲ್ ಸಮೇತ. ಬೆಳ್ಳಿ, ಆರ್ಸೆನಿಕ್, ಗಂಧಕ ಸೇರಿ ಆಗೋ ಹರಳು, ರೂಬಿ ಸಿಲ್ವರ್ ಅಂತಾರಲ್ಲ ಅದು. ಬೆಳಕು ಬಿದ್ದಷ್ಟೂ ಮೈ ಕಪ್ಪಾಗ್ತಾ ಹೋಗುತ್ತೆ.

ಜೊತೇಲಿದ್ದ ಗೆಳೆಯ ಯು-ಬಾನ್ (ಅಲ್ಲಿನ ಮೆಟ್ರೊ) ಹತ್ತಿದ್ಮೇಲೂ ಬಿಡ್ಲಿಲ್ಲ, "ಅಲ್ಲ ಕಣೋ, ನೋಡಕ್ಕೇ ಆಗದ ಕಲ್ಲಿಗೆ ಅಷ್ಟು ದುಡ್ಡು ಯಾಕೋ ಸುರೀಬೇಕು?" ಅಂತ. ಒಳ್ಳೆ ಹುಡುಗ, ಆದ್ರೆ ಎಲ್ಲದಕ್ಕೂ ಉಪಯೋಗ ಕೇಳೋ ಜಾತಿ. ಇವನೇ ಹಾಸನದವನು, ವರ್ಷಕ್ಕೊಂದ್ಸಲ ಮಾತ್ರ ಬಾಗಿಲು ತೆಗೆಯೋ ಹಾಸನಾಂಬೆ ದರ್ಶನಕ್ಕೆ ಗಂಟೆಗಟ್ಟಲೆ ಕ್ಯೂ ನಿಂತವನು, ಅವನಿಗೆ ಇದು ಅರ್ಥ ಆಗ್ಬೇಕಿತ್ತು ಅನ್ಸುತ್ತೆ.

ನನಗೆ ನಿಜವಾಗ್ಲೂ ಹೊಟ್ಟೆ ಉರಿದಿದ್ದು ಇನ್ನೊಂದು ಸ್ಟಾಲಲ್ಲಿ. ಅದೇ ಜಾತಿ ಹರಳನ್ನ ಪ್ರಖರವಾದ ಲೈಟಿನ ಕೆಳಗೆ ಇಟ್ಟಿದ್ರು, ಬೆಳಗ್ಗೆಯಿಂದ ಸಂಜೆ ತನಕ. ಅವರಿಗೆ ಗೊತ್ತಿರಲ್ಲ ಅಂತೇನಿಲ್ಲ, ಮಿಂಚಿದ್ರೆ ಮಾರಾಟ ಆಗುತ್ತೆ, ತಗೊಂಡವನ ಮನೇಲಿ ಕಪ್ಪಾದ್ರೆ ಇವರಿಗೇನು.

ಚಾನ್ಯಾರ್ಸಿಯೊದಲ್ಲಿ ಬೆಳ್ಳಿ ಸಿಕ್ಕಿದ್ದು 1832ರಲ್ಲಿ. ಆ ದುಡ್ಡಿನ ಬಲದಿಂದಾನೇ ಅಲ್ಲಿ ಕಾಲ್ಡೆರಾ-ಕೊಪಿಯಾಪೊ ರೈಲು 1851ರಲ್ಲಿ ಓಡಿದ್ದು. ಗಣಿ ಮಾಡೋರಿಗೆ ಬೇಕಿದ್ದಿದ್ದು ಲೋಹ, ಸಿಕ್ಕ ಅದಿರನ್ನೆಲ್ಲ ಪುಡಿ ಮಾಡಿ ಬೆಳ್ಳಿ ತೆಗೆದ್ರು, ಅದರಲ್ಲಿ ಇಂಥ ಹರಳು ಎಷ್ಟು ಹೋದ್ವೋ. ಉಳಿದಿರೋದು ಯಾರೋ ಒಬ್ರು ಇದನ್ನ ಪುಡಿ ಮಾಡಬೇಡಿ ಅಂತ ಪಕ್ಕಕ್ಕೆ ಎತ್ತಿಟ್ಟಿದ್ದು ಮಾತ್ರ. ಆಮೇಲೆ ಯಾರ್ಯಾರೋ ಡ್ರಾಯರಿನ ಕತ್ತಲಲ್ಲಿ ಜೋಪಾನ ಮಾಡಿದ್ರು, ತಾವೂ ಆಸೆ ತೀರಾ ನೋಡ್ಲಿಲ್ಲ, ಹಾಗಾಗೇ ಆ ಕೆಂಪು ಮೊನ್ನೆ ನನ್ನ ತನಕ ಬಂತು. ಅವರ್ಯಾರೂ ನನಗೋಸ್ಕರ ಮಾಡಿದ್ದಲ್ಲ ನಿಜ, ಆದ್ರೂ ಅವರ ಋಣ ನನ್ನ ಮೇಲಿದೆ ಅನ್ಸುತ್ತೆ, ಈಗ ಒಂದಷ್ಟು ವರ್ಷ ಅದನ್ನ ಜೋಪಾನ ಮಾಡೋ ಸರದಿ ನಂದು.

ಅಜ್ಜನಿಗೆ ನಿನ್ನೆ ಮೇಲ್ ಹಾಕಿದೀನಿ. ರೇಟು ಇಳಿಸದಿದ್ರೂ ತಗೋತೀನಿ, ಲೇಬಲ್ ಮಾತ್ರ ಜೊತೆಗೇ ಕಳಿಸಿ ಅಂತ ಬರೆದೆ.